ರನ್‌ವೇ ಎತ್ತ ಬೆಳೆದರೂ ಸದ್ದು ಎರಡೂ ಕಡೆಗೆ: ಮಂಡಕಳ್ಳಿ ಸುತ್ತಲಿನವರು ಒಟ್ಟಿಗೆ ಕೂರೋಣವೇ?

ನಂಜನಗೂಡು ರಸ್ತೆ

ಮಂಡಕಳ್ಳಿ, ಮರಸೆ, ಕಡಕೊಳ, ಬಂಡಿಪಾಳ್ಯ, ಶ್ರೀರಾಂಪುರದ ಕಡೆಯವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಮೈಸೂರು ವಿಮಾನ ನಿಲ್ದಾಣದ ರನ್‌ವೇ ಈಗ 1,740 ಮೀಟರ್. ಇದನ್ನು 2,750 ಮೀಟರ್ ಮಾಡುವ ಮಾತು ವರ್ಷಗಳಿಂದ ನಡೆದಿದೆ. ಜಮೀನು, ಹೆದ್ದಾರಿ, ಹೈಟೆನ್ಷನ್ ಲೈನು, ಇವೆಲ್ಲ ಪೇಪರಲ್ಲಿ ಬರುತ್ತಲೇ ಇರುತ್ತವೆ. ಹೆದ್ದಾರಿಯನ್ನು ರನ್‌ವೇ ಕೆಳಗೆ ಹಾಯಿಸುವ ಮಾತೂ ಬಂತು, ಸುತ್ತು ಬಳಸಿ ತಿರುಗಿಸುವ ಮಾತೂ ಬಂತು. ಸದ್ದಿನ ಸುದ್ದಿ ಮಾತ್ರ ಅಷ್ಟಾಗಿ ಕೇಳಿಸುವುದಿಲ್ಲ.

ಹೋದ ವಾರ ನಮ್ಮ ಕಡೆ ಒಂದು ಸಣ್ಣ ಸಭೆ ಇತ್ತು. "ಬೇಕಿದ್ದರೆ ಆ ಕಡೆಗೆ ಉದ್ದ ಮಾಡಿಕೊಳ್ಳಲಿ, ನಮ್ಮ ಕಡೆ ಬೇಡ" ಅಂತ ಅರ್ಜಿ ಬರೆಯುವುದು ಅಂತ ಆಯಿತು. ಅದೇ ಸಂಜೆ ಆಚೆ ಊರಿನಲ್ಲಿರುವ ನಮ್ಮ ಭಾವನಿಗೆ ಫೋನ್ ಮಾಡಿದರೆ, ಅವರ ಊರಲ್ಲೂ ಅರ್ಜಿ ಸಿದ್ಧವಾಗಿದೆ. ಅದೇ ಮಾತು, ಬೆರಳು ಮಾತ್ರ ನಮ್ಮ ಕಡೆಗೆ! ಎರಡೂ ಅರ್ಜಿ ಒಂದೇ ಮೇಜಿನ ಮೇಲೆ ಹೋದರೆ ಅಧಿಕಾರಿ ಏನು ಮಾಡುತ್ತಾರೆ ಹೇಳಿ. ಎರಡನ್ನೂ ಒಂದೇ ಫೈಲಿಗೆ ಹಾಕಿ ದಾರ ಕಟ್ಟುತ್ತಾರೆ, ಅಷ್ಟೇ.

ವಿಮಾನ ಬೇಡ ಅಂತ ನಾನು ಹೇಳುತ್ತಿಲ್ಲ. ಸುತ್ತಲಿನ ಊರು, ಲೇಔಟು ಎಲ್ಲ ಸೇರಿ ಒಂದೇ ಅರ್ಜಿ ಕೊಡಬಹುದೇ ಅಂತ ಮಾತ್ರ ಕೇಳುತ್ತಿದ್ದೇನೆ.

ಹಳೇ ಏರ್‌ಮನ್

ಸರಿಯಾದ ಪ್ರಶ್ನೆ ಎತ್ತಿದ್ದೀರಿ. ನಾನು ಸರ್ವಿಸ್‌ನಲ್ಲಿದ್ದಾಗ ಪೂರ್ತಿ ರನ್‌ವೇ ಪಕ್ಕದಲ್ಲೇ ಬದುಕಿದವನು, ಒಂದೆರಡು ವಿಷಯ ಹೇಳುತ್ತೇನೆ.

ಮಂಡಕಳ್ಳಿ ರನ್‌ವೇಗೆ 09/27 ಅಂತ ಹೆಸರು. ದಿಕ್ಸೂಚಿಯಲ್ಲಿ 90 ಡಿಗ್ರಿ, 270 ಡಿಗ್ರಿ ಅಂತ ಅರ್ಥ. ಅಂದರೆ ಮೂಡಲಿಂದ ಪಡುವಣಕ್ಕೆ ಮಲಗಿದ ರನ್‌ವೇ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಆಗ ವಿಮಾನ ಮೂಡಲ ಕಡೆಯ ಊರುಗಳ ಮೇಲೆ ತಗ್ಗಿ ಬಂದು ಇಳಿಯುತ್ತದೆ, ಪಡುವಣದ ಊರುಗಳ ಮೇಲೆ ಅಬ್ಬರಿಸಿ ಏರುತ್ತದೆ. ಹಿಂಗಾರು ಶುರುವಾಗಿ ಗಾಳಿ ತಿರುಗಿದರೆ ಇದೂ ತಿರುಗುತ್ತದೆ. ಹಾಗಾಗಿ "ಆ ಕಡೆಗೆ ಹಾಕಿ" ಅನ್ನುವ ಅರ್ಜಿಯಿಂದ ಯಾರಿಗೂ ನೆಮ್ಮದಿ ಇಲ್ಲ. ರನ್‌ವೇ ಯಾವ ತುದಿಯಲ್ಲಿ ಬೆಳೆದರೂ ಎರಡೂ ಕಡೆಯವರಿಗೆ ಸರದಿ ತಪ್ಪಿದ್ದಲ್ಲ.

ಆದರೆ ತುದಿ ಎಲ್ಲಿಗೆ ಬರುತ್ತದೆ ಅನ್ನುವುದು ಮುಖ್ಯವೇ. ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತದೆ. ಲೆಕ್ಕ ಹಾಕಿ: ನೆಲ ಮುಟ್ಟುವ ಜಾಗದಿಂದ 3 ಕಿಲೋಮೀಟರ್ ದೂರದ ಮನೆಯ ಮೇಲೆ ಅದು ಸುಮಾರು 157 ಮೀಟರ್ ಎತ್ತರದಲ್ಲಿ ಇರುತ್ತದೆ. ನೆಲ ಮುಟ್ಟುವ ಜಾಗ ಒಂದು ಕಿಲೋಮೀಟರ್ ಹತ್ತಿರ ಬಂತು ಅಂದರೆ ಅದೇ ಮನೆಯ ಮೇಲೆ 105 ಮೀಟರ್. ರನ್‌ವೇ ಬೆಳೆಯುವುದೂ ಹೆಚ್ಚುಕಡಿಮೆ ಒಂದು ಕಿಲೋಮೀಟರೇ ಅಲ್ವಾ.

ಇದಕ್ಕೊಂದು ದಾರಿಯೂ ಇದೆ. ಡಾಂಬರು ಉದ್ದವಾದರೂ ಇಳಿಯುವ ಗೆರೆಯನ್ನು ಒಳಗೇ ಉಳಿಸಬಹುದು. ಏರುವಾಗ ಪೂರ್ತಿ ಉದ್ದ ಬಳಸುವುದು, ಇಳಿಯುವಾಗ ಒಳಗಿನ ಗೆರೆಯಿಂದ ಲೆಕ್ಕ. ಹೀಗೆ ಇರುವ ರನ್‌ವೇಗಳು ಬೇಕಾದಷ್ಟಿವೆ. ಇಳಿಯುವುದಕ್ಕೆ ಸಿಗುವ ಉದ್ದ ಕಡಿಮೆಯಾಗುವುದರಿಂದ ಅವರು ಸುಲಭಕ್ಕೆ ಒಪ್ಪುವುದಿಲ್ಲ. ಆದರೂ ನಕ್ಷೆ ಮುಗಿಯುವ ಮೊದಲು ಕೇಳಬೇಕಾದ್ದು ಇದನ್ನೇ.

ಚಾಮುಂಡಿ ಟ್ರಾವೆಲ್ಸ್

ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಯುತ್ತಿದ್ದೀರಿ. ನಾನು ಟೂರಿಸ್ಟ್ ಗಾಡಿ ಇಟ್ಟುಕೊಂಡವನು. 2010ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬಂತು ಅಂತ ಸಡಗರಪಟ್ಟೆವು. ಮುಂದಿನ ವರ್ಷವೇ ನಿಂತುಹೋಯಿತು. ಆಮೇಲೆ ಸ್ಪೈಸ್‌ಜೆಟ್, ಕೇಂದ್ರದ ಉಡಾನ್ ಯೋಜನೆಯಲ್ಲಿ ಟ್ರೂಜೆಟ್, ಒಂದು ಬರುತ್ತದೆ, ಒಂದು ಹೋಗುತ್ತದೆ. ಬೆರಳೆಣಿಕೆಯ ಎಟಿಆರ್ ಅನ್ನುವ ಸಣ್ಣ ಫ್ಯಾನಿನ ವಿಮಾನಕ್ಕೆ ಎಂಥ ಸದ್ದು ಸ್ವಾಮಿ? ದಸರಾಗೆ ಬರುವವರು ಬೆಂಗಳೂರಲ್ಲಿ ಇಳಿದು ಅಲ್ಲಿನ ಗಾಡಿ ಹತ್ತುತ್ತಾರೆ. ನಮ್ಮ ಹೊಟ್ಟೆಪಾಡು ಕೇಳುವವರು ಯಾರು?

ಈಗಲೇ ಅರ್ಜಿ, ತಕರಾರು ಅಂತ ಶುರುವಾದರೆ ಇನ್ನೂ ಹತ್ತು ವರ್ಷ ಹೋಗುತ್ತದೆ.

ಮರಸೆ ಹುಡುಗ

ಅಣ್ಣ, ಎಟಿಆರ್‌ಗೆ ಈಗಿನ ಉದ್ದವೇ ಸಾಕು. ಏರ್‌ಬಸ್, ಬೋಯಿಂಗ್ ಬರಲಿ ಅಂತಲೇ ಉದ್ದ ಮಾಡುವುದು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ?

ಚಾಮುಂಡಿ ಟ್ರಾವೆಲ್ಸ್

ಬರಲಿ ಅಂತಲೇ ನಾನೂ ಕಾಯುತ್ತಿರುವುದು ಮಾರಾಯ.

ಕಡಕೊಳದ ಅಕ್ಕ

ಟ್ರಾವೆಲ್ಸ್ ಅಣ್ಣಾವ್ರೇ, ನಿಮ್ಮ ಕಷ್ಟ ನನಗೂ ಅರ್ಥವಾಗುತ್ತದೆ. ನಮ್ಮ ತಮ್ಮನೂ ಕ್ಯಾಬ್ ಓಡಿಸುತ್ತಾನೆ. ಆದರೆ ಸದ್ದೇ ಇಲ್ಲ ಅನ್ನಬೇಡಿ. ದೊಡ್ಡ ವಿಮಾನ ಬಂದು ಹೋಗುವುದು ಒಂದು ನಿಮಿಷದ ಮಾತು. ಹಿಂಸೆ ಕೊಡುವುದು ಟ್ರೈನಿಂಗ್‌ನವರ ಸಣ್ಣ ವಿಮಾನ. ಏರುತ್ತದೆ, ಸುತ್ತು ಹಾಕುತ್ತದೆ, ನೆಲ ಮುಟ್ಟಿದ ಹಾಗೆ ಮಾಡಿ ಮತ್ತೆ ಏರುತ್ತದೆ. ನಾನು ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಡಿಕ್ಟೇಷನ್ ಕೊಡುವಾಗ ಅದು ಮೇಲೆ ಬಂದರೆ ಮಕ್ಕಳೇ ಪೆನ್ಸಿಲ್ ಎತ್ತಿ ಕಾಯುತ್ತಾರೆ. ಹೋದ ಮೇಲೆ "ಮಿಸ್, ಹಿಂದಿನದು ಇನ್ನೊಂದು ಸಲ" ಅನ್ನುತ್ತಾರೆ.

ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಭಾಗ, ಅಷ್ಟೇ. ಗಂಟೆ ಎಷ್ಟು, ಯಾವ ಕಡೆಯಿಂದ ಬಂತು, ಸಣ್ಣದೋ ದೊಡ್ಡದೋ, ಕಿಟಕಿ ತೆಗೆದಿತ್ತೋ ಹಾಕಿತ್ತೋ, ಯಾವ ಕೆಲಸ ನಿಂತಿತು. ಯಾವುದಕ್ಕೆ ಬರುತ್ತದೋ, ಬರೆದಿಟ್ಟಿದ್ದೇನೆ.

ಇನ್ನೊಂದು ಮಾತು. ನಮ್ಮ ದೊಡ್ಡಪ್ಪನವರ ಜಮೀನು ನಕ್ಷೆಯಲ್ಲಿದೆ ಅನ್ನುತ್ತಾರೆ. ಹೋದರೆ ಅವರಿಗೆ ಪರಿಹಾರ ಬರುತ್ತದೆ. ಬದುವಿನ ಆಚೆ ನಮ್ಮದು. ನಮಗೆ ಜಮೀನೂ ಉಳಿಯುತ್ತದೆ, ಸದ್ದೂ ಉಳಿಯುತ್ತದೆ, ದುಡ್ಡು ಒಂದು ಪೈಸೆ ಇಲ್ಲ. ಒಂದೇ ಮನೆತನದಲ್ಲಿ ಈಗ ಎರಡು ಮಾತು. ಅವರು ಬೇಗ ಆಗಲಿ ಅನ್ನುತ್ತಾರೆ, ನಾವು ನಿಧಾನ ಅನ್ನುತ್ತೇವೆ. ಒಟ್ಟಿಗೆ ಕೂರುವುದಾದರೆ ಈ ಗಂಟನ್ನು ಮೊದಲು ಬಿಚ್ಚಬೇಕು.

ಲೇಔಟ್ ನಿವಾಸಿ

ನಾವು ಸಾಲ ಮಾಡಿ ಸೈಟ್ ತೆಗೆದುಕೊಂಡು ಮನೆ ಕಟ್ಟಿದವರು. ರಾತ್ರಿ ವಿಮಾನ ಶುರುವಾದರೆ ಮನೆ ಬೆಲೆ ಏನಾಗುತ್ತದೆ? ಹಳ್ಳಿಯವರ ಜೊತೆ ಸೇರಿದರೆ ಪರಿಹಾರ, ಉದ್ಯೋಗ ಅಂತ ಬೇರೆ ಕಡೆ ಮಾತು ಹೋಗುತ್ತದೆ. ನಮ್ಮ ಅಸೋಸಿಯೇಷನ್ ಬೇರೆಯಾಗಿ ಕೋರ್ಟಿಗೆ ಹೋಗುವ ಯೋಚನೆಯಲ್ಲಿದೆ.

ಮರಸೆ ಹುಡುಗ

ಸರ್, ಬೇಜಾರು ಮಾಡಿಕೊಳ್ಳಬೇಡಿ. ನೀವು ಸೈಟ್ ತೆಗೆದುಕೊಂಡಾಗ ಪಕ್ಕದಲ್ಲಿ ವಿಮಾನ ನಿಲ್ದಾಣ ಇತ್ತಲ್ಲ. ಮಹಾರಾಜರ ಸರ್ಕಾರ 1940ರ ದಶಕದಲ್ಲಿ ಮಾಡಿದ್ದು ಅದು. "ಏರ್‌ಪೋರ್ಟ್‌ಗೆ ಐದೇ ನಿಮಿಷ" ಅಂತ ಬ್ರೋಷರ್‌ನಲ್ಲಿ ಹಾಕಿದ್ದೇ ನಿಮ್ಮ ಲೇಔಟಿನವರು.

ಲೇಔಟ್ ನಿವಾಸಿ

ಬ್ರೋಷರ್ ನಾನು ಬರೆದದ್ದಲ್ಲ.

ನಂಜನಗೂಡು ರಸ್ತೆ

ಇಬ್ಬರೂ ಸ್ವಲ್ಪ ತಣ್ಣಗಾಗಿ. ಮೊದಲು ಬಂದವರು ಯಾರು ಅನ್ನುವ ಜಗಳದಲ್ಲಿ ಗೆಲ್ಲುವವರು ನಮ್ಮಲ್ಲಿ ಯಾರೂ ಅಲ್ಲ. ಲೇಔಟಿನವರು ಕೋರ್ಟಿಗೆ ಒಬ್ಬರೇ ಹೋದರೆ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆಯೂ ಇದೇ. ಹಳ್ಳಿಯವರು ಪಕ್ಕದಲ್ಲಿದ್ದರೆ ಆ ಪ್ರಶ್ನೆಗೆ ಬಲ ಇರುವುದಿಲ್ಲ. ಅವರು ನಿಲ್ದಾಣಕ್ಕಿಂತ ಮೊದಲಿನವರು.

ಡೆಸಿಬೆಲ್ ಮೇಷ್ಟ್ರು

ಅಕ್ಕನ ನೋಟ್‌ಬುಕ್ ಯಾವುದಕ್ಕೆ ಬರುತ್ತದೆ ಅಂತ ಹೇಳಲು ಬಂದೆ. ಫಿಸಿಕ್ಸ್ ಪಾಠ ಮಾಡಿದವನು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ನಮ್ಮಲ್ಲಿ ವಸತಿ ಪ್ರದೇಶದ ಸದ್ದಿನ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಇದು 2000ದ ಶಬ್ದ ಮಾಲಿನ್ಯ ನಿಯಮ. ಆದರೆ ವಿಮಾನ ನಿಲ್ದಾಣದ ಸುತ್ತಲಿನ ವಲಯಕ್ಕೆ 2018ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಬೇರೆ ಮಿತಿ ತಂದಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಸಲ ವಿಮಾನ ಏರುವ ಅಥವಾ ಇಳಿಯುವ ದೊಡ್ಡ ನಿಲ್ದಾಣಕ್ಕೆ ಹಗಲು 70, ರಾತ್ರಿ 65. ನಮ್ಮಂಥ ಉಳಿದವಕ್ಕೆ 65, 60. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ವಿಶ್ವ ಆರೋಗ್ಯ ಸಂಸ್ಥೆ ಅದೇ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆಯಲ್ಲಿ ರಾತ್ರಿಯ ವಿಮಾನದ ಸದ್ದು 40 ದಾಟಬಾರದು ಅಂತ ಇದೆ. 60 ಎಲ್ಲಿ, 40 ಎಲ್ಲಿ!

ಇನ್ನು ನಿಜವಾದ ಆಟ. ಈ ಮಿತಿ ಸರಾಸರಿಯ ಮೇಲೆ ನಿಂತಿದೆ. ಒಂದು ವಿಮಾನ ನಿಮ್ಮ ಮನೆ ಮೇಲೆ 20 ಸೆಕೆಂಡ್ 80 ಡೆಸಿಬೆಲ್ ಸದ್ದು ಮಾಡಿತು ಅಂದುಕೊಳ್ಳಿ. ಮಾತು ನಿಲ್ಲಿಸಲೇಬೇಕಾದ ಸದ್ದು ಅದು. ಅದನ್ನು ಹಗಲಿನ 16 ಗಂಟೆಗೆ ಹರಡಿದರೆ ಬರುವುದು 45 ಡೆಸಿಬೆಲ್. ಅಂಥ ಹತ್ತು ವಿಮಾನ ಹೋದರೆ 55. ನೂರು ಹೋದರೆ 65. ನೂರು ವಿಮಾನದವರೆಗೆ ಕಾಗದದಲ್ಲಿ ಎಲ್ಲ ಸರಿಯಾಗೇ ಇರುತ್ತದೆ! ಒಂದೇ ರಾತ್ರಿ ಸುರಿದ ಮಳೆಯನ್ನು ವರ್ಷಕ್ಕೆ ಹಂಚಿ, ದಿನಕ್ಕೆ ನಾಲ್ಕು ಹನಿ ಬಿದ್ದಿದೆ ಅಂದ ಹಾಗೆ.

ಹಾಗಾಗಿ "ಮಿತಿ ಮೀರಿದೆ" ಅಂತ ಹೋದರೆ ನಾವು ಸೋಲುತ್ತೇವೆ. ಕೇಳಬೇಕಾದ್ದು ಬೇರೆ. ರಾತ್ರಿ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ವಿಮಾನ ಇಲ್ಲ? ಟ್ರೈನಿಂಗ್ ವಿಮಾನ ಶಾಲೆ ಹೊತ್ತಿನಲ್ಲಿ ಎಷ್ಟು ಸುತ್ತು ಹಾಕಬಹುದು? 80 ದಾಟುವ ಸದ್ದು ದಿನಕ್ಕೆ ಎಷ್ಟು ಸಲ? ಇವನ್ನು ತೋರಿಸುವುದು ಸರಾಸರಿ ಅಲ್ಲ, ಅಕ್ಕನ ನೋಟ್‌ಬುಕ್. ಹತ್ತು ಊರಲ್ಲಿ ಹತ್ತು ನೋಟ್‌ಬುಕ್ ಒಂದೇ ಥರ ಬರೆದಿದ್ದರೆ ಅದರ ತೂಕವೇ ಬೇರೆ.

ಮೊಬೈಲ್ ಆ್ಯಪ್ ಅಂದಾಜಿಗೆ ಸಾಕು, ಅಧಿಕಾರಿ ಮುಂದೆ ನಿಲ್ಲುವುದಿಲ್ಲ. ಊರೂರು ದುಡ್ಡು ಹಾಕಿ ಮಾನ್ಯತೆ ಇರುವ ಲ್ಯಾಬ್‌ನಿಂದ ಒಂದು ಸಲ ಅಳತೆ ಮಾಡಿಸಬೇಕು. ಅದೂ ಈಗಲೇ, ರನ್‌ವೇ ಉದ್ದವಾಗುವ ಮೊದಲು. ಇವತ್ತಿನ ಸದ್ದು ಎಷ್ಟಿತ್ತು ಅನ್ನುವ ದಾಖಲೆ ಇಲ್ಲದಿದ್ದರೆ ನಾಳೆ ಎಷ್ಟು ಏರಿತು ಅಂತ ಹೇಳುವುದು ಹೇಗೆ?

ಚಾಮುಂಡಿ ಟ್ರಾವೆಲ್ಸ್

ಮೇಷ್ಟ್ರೇ, ಇದು ಒಪ್ಪುವ ಮಾತು. ರಾತ್ರಿ ಬೇಡ ಅಂದರೆ ನಮಗೇನೂ ನಷ್ಟ ಇಲ್ಲ. ನಡುರಾತ್ರಿ ಬಂದು ಅರಮನೆ ನೋಡುವವರು ಯಾರೂ ಇಲ್ಲ.

ಕುವೆಂಪುನಗರ ಟು ಫ್ರಾಂಕ್‌ಫರ್ಟ್

ರಾತ್ರಿಯ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನಿರುವ ಊರಿನಲ್ಲಿ 2011ರ ಅಕ್ಟೋಬರ್‌ನಲ್ಲಿ ನಾಲ್ಕನೇ ರನ್‌ವೇ ಶುರುವಾಯಿತು. ಅದುವರೆಗೆ ಸುಮ್ನೆ ಇದ್ದ ಬಡಾವಣೆಗಳ ಮೇಲೂ ವಿಮಾನ ಬಂತು. ಸುತ್ತಲಿನ ಪಟ್ಟಣದವರೆಲ್ಲ ಸೇರಿ ಸೋಮವಾರ ಸಂಜೆ ಸಂಜೆ ಟರ್ಮಿನಲ್ ಒಳಗೇ ಪ್ರತಿಭಟನೆ ಮಾಡಿದರು, ವರ್ಷಗಟ್ಟಲೆ. ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ವಿಮಾನ ಇಲ್ಲ ಅನ್ನುವುದನ್ನು ಕೋರ್ಟು 2012ರಲ್ಲಿ ಗಟ್ಟಿ ಮಾಡಿತು. ಅಷ್ಟು ದೊಡ್ಡ ನಿಲ್ದಾಣಕ್ಕೇ ಆರು ಗಂಟೆ ಸುಮ್ಮನಿರಲು ಆಗುತ್ತದೆ ಅಂದರೆ ಮೈಸೂರಿಗೆ ಆಗುವುದಿಲ್ಲವೇ?

ಊರುಗಳು ಸೇರಿ ಕೂರುವ ವಿಚಾರದಲ್ಲಿ ಅಮೆರಿಕದ ಎರಡು ಉದಾಹರಣೆ ನೋಡಬಹುದು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 1981ರಿಂದ ನಿಲ್ದಾಣ ಮತ್ತು ಸುತ್ತಲಿನ ಪಟ್ಟಣಗಳ ಒಂದು ಸಮಿತಿ ಇದೆ. ಷಿಕಾಗೋದ ಓ'ಹೇರ್‌ಗೆ 1996ರಲ್ಲಿ ಅಂಥದೇ ಆಯೋಗ ಬಂತು, ಅದರಲ್ಲಿ ಪಟ್ಟಣಗಳ ಜೊತೆ ಶಾಲಾ ಮಂಡಳಿಗಳೂ ಸದಸ್ಯರು. ಶಾಲೆ, ಮನೆಗಳಿಗೆ ಸದ್ದು ತಡೆಯುವ ಕಿಟಕಿ ಹಾಕಿಸಿದರು. ರಾತ್ರಿ ಯಾವ ರನ್‌ವೇ ಬಳಸುವುದು ಅನ್ನುವುದನ್ನು ವಾರಕ್ಕೊಮ್ಮೆ ಬದಲಿಸಿ ನೋಡಿದ್ದೂ ಉಂಟು. ಒಂದೇ ಪಟ್ಟಣದ ತಲೆ ಮೇಲೆ ಎಲ್ಲ ಬೀಳದಿರಲಿ ಅಂತ.

ಹಳೇ ಏರ್‌ಮನ್

ನಮ್ಮಲ್ಲಿ ರನ್‌ವೇ ಒಂದೇ, ವಾರಕ್ಕೊಂದು ಬದಲಿಸಲು ಬರುವುದಿಲ್ಲ. ಆದರೆ ಗಾಳಿ ಸುಮ್ಮನಿದ್ದಾಗ ಯಾವ ದಿಕ್ಕಿನಿಂದಾದರೂ ಇಳಿಯಬಹುದು. ಅಂಥ ಹೊತ್ತಿನಲ್ಲಿ ದಿಕ್ಕನ್ನು ಸರದಿ ಮಾಡಿ ಅಂತ ಕೇಳಬಹುದು. ಎರಡೂ ಕಡೆಯ ಊರಿನವರು ಒಟ್ಟಿಗೆ ಸಹಿ ಹಾಕಿದರೆ ಮಾತ್ರ. ಒಂದು ಕಡೆಯವರು ಕೇಳಿದರೆ ಇನ್ನೊಂದು ಕಡೆಯವರು ಮಾರನೇ ದಿನವೇ ತಕರಾರು ತೆಗೆಯುತ್ತಾರೆ.

ಮದ್ದೂರು ವಡೆ

ನಮ್ಮ ಮಂಡ್ಯ ಜಿಲ್ಲೆಯಲ್ಲಿ ವಿಮಾನ ಇಲ್ಲ, ರಸ್ತೆ ಇದೆ. ಆದರೂ ಮೂಗು ತೂರಿಸುತ್ತೇನೆ.

ನಮ್ಮ ಕಡೆ ಹೆದ್ದಾರಿ ಅಗಲವಾಗುವಾಗ ಊರಿಗೊಂದು ಅರ್ಜಿ. ನಮ್ಮೂರಿಗೆ ಅಂಡರ್‌ಪಾಸ್ ಬೇಕು ಅಂತ ನಾವು, ನಮ್ಮೂರಿಗೇ ಬೇಕು ಅಂತ ಪಕ್ಕದವರು. ಯಾರ ಕಡೆಯ ಮುಖಂಡರು ಜೋರೋ ಅಲ್ಲಿ ಆಯಿತು. ನಮ್ಮ ಕಬ್ಬಿನ ಗಾಡಿ ಈಗ ಸುತ್ತಿ ಬಳಸಿ ಹೋಗುತ್ತದೆ. ಎದುರಿಗೆ ಕಾಣುವ ಗದ್ದೆಗೆ ಬೈಕಲ್ಲಿ ಹೋಗುವುದಕ್ಕೂ ಪೆಟ್ರೋಲ್ ಲೆಕ್ಕ ಹಾಕಬೇಕು. ಎರಡೂ ಊರಿನ ನಡುವೆ ಒಂದು ಒಳ್ಳೆ ಅಂಡರ್‌ಪಾಸ್ ಬಂದಿದ್ದರೆ ಇಬ್ಬರಿಗೂ ಸಾಕಾಗುತ್ತಿತ್ತು. ಕೇಳುವುದಕ್ಕೆ ಹೋದರೆ "ಕೆಲಸ ಮುಗಿದಿದೆ, ಮೊದಲೇ ಹೇಳಬೇಕಿತ್ತು" ಅಂದರು. ನಾವು ಮೊದಲೇ ಹೇಳಿದ್ದೆವು ಸ್ವಾಮಿ, ಏಳು ಥರ ಹೇಳಿದ್ದೆವು.

ನಂಜನಗೂಡು ಹೆದ್ದಾರಿ ತಿರುಗಿಸುವ ಮಾತಿದೆಯಲ್ಲ, ಅದರ ಕಡೆಗೂ ಕಣ್ಣಿಡಿ. ವಿಮಾನದ ಸದ್ದು ಮಾತಾಡುತ್ತಾ ಕೂತಾಗ ಲಾರಿ ಸದ್ದು ಹೊಸ ಊರಿನ ಬಾಗಿಲಿಗೆ ಬಂದಿರುತ್ತದೆ.

ಮರಸೆ ಹುಡುಗ

ಗೌಡ್ರೇ, ಈ ಕೊನೆಯ ಮಾತು ನಮ್ಮಲ್ಲಿ ಯಾರ ತಲೆಗೂ ಬಂದಿರಲಿಲ್ಲ. ಬಂಡಿಪಾಳ್ಯ ಮಾರ್ಕೆಟ್ಟಿಗೆ ತರಕಾರಿ ಹೋಗುವುದೂ ಇದೇ ರಸ್ತೆಯಲ್ಲಿ.

ಕೋರ್ಟು ಕಚೇರಿ

ವಕೀಲಿಕೆ ಮಾಡುವವಳು. ಅರ್ಜಿ ಬರೆಯುವ ಮೊದಲು ಎಲ್ಲಿ, ಯಾವಾಗ ಮಾತಾಡಿದರೆ ದಾಖಲೆ ಆಗುತ್ತದೆ ಅಂತ ನೋಡಿ.

ವಿಮಾನ ನಿಲ್ದಾಣಗಳು 2006ರ ಪರಿಸರ ಪರಿಣಾಮ ಅಧಿಸೂಚನೆಯ ಕೆಳಗೆ ಬರುತ್ತವೆ. ಸಾರ್ವಜನಿಕ ಅಹವಾಲು ಸಭೆ ನಡೆಯುವಾಗ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಸಭೆ ನಡೆಸುತ್ತಾರೆ. ಎಲ್ಲ ವಿಡಿಯೋ ಆಗುತ್ತದೆ. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಬಹಳ ಸಭೆಗಳಲ್ಲಿ ಆ ಹೊತ್ತಿಗೆ ಜನ ಊಟಕ್ಕೆ ಎದ್ದು ಹೋಗಿರುತ್ತಾರೆ. ದಯವಿಟ್ಟು ಕೂತಿರಿ. ನಾವು ಹೇಳಿದ್ದು ಅದರಲ್ಲಿ ಬಂತೋ ಇಲ್ಲವೋ ಅಂತ ಕೇಳಿಸಿಕೊಂಡು, ಬರದಿದ್ದರೆ ಅಲ್ಲೇ ಎದ್ದು ನಿಂತು ಹೇಳಿ.

ಜಮೀನಿನದು ಬೇರೆ ದಾರಿ. ಕೆಐಎಡಿಬಿ, ಅಂದರೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕಾಯ್ದೆಯಲ್ಲಿ ಹಿಡಿದರೆ ಕಲಂ 28(1)ರ ಅಧಿಸೂಚನೆ ಮೊದಲು, 28(4) ಕೊನೆಗೆ. ನಡುವೆ 28(2) ನೋಟಿಸ್ ಬಂದಾಗ ಆಕ್ಷೇಪಣೆಗೆ ಸಿಗುವುದು 30 ದಿನ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲಿರುವ ಸಾಮಾಜಿಕ ಪರಿಣಾಮದ ಅಧ್ಯಯನ ಈ ದಾರಿಯಲ್ಲಿ ಇಲ್ಲ. ಅಂದರೆ ಬದುವಿನ ಆಚೆಯವರ ಕಷ್ಟ ಕೇಳುವ ಜಾಗ ಇಲ್ಲೇ ಮುಚ್ಚಿಹೋಗುತ್ತದೆ. ಅಕ್ಕ ಹೇಳಿದ ಗಂಟು ಇದೇ. ಅವರ ಮಾತಿಗೆ ಉಳಿಯುವುದು ಅಹವಾಲು ಸಭೆ, ಗ್ರಾಮಸಭೆಯ ನಿರ್ಣಯ. ಪಟ್ಟಣ ಪಂಚಾಯಿತಿ ಆದ ಕಡೆ ಗ್ರಾಮಸಭೆ ಇರುವುದಿಲ್ಲ, ಅಲ್ಲಿ ವಾರ್ಡುವಾರು ಸಹಿ ಮಾಡಿಸಿ.

ಒಗ್ಗಟ್ಟಿನ ಬಲಕ್ಕೆ ದೂರ ಹೋಗಬೇಕಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು ಬಿಟ್ಟುಕೊಡದೆ ಹೋರಾಡಿದರು. 1,777 ಎಕರೆ ಹಿಡಿಯುವುದನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಅವರದು ಜಮೀನೇ ಬೇಡ ಅನ್ನುವ ಹೋರಾಟ, ನಮ್ಮದು ಹಾಗಲ್ಲ. ಆದರೂ ಊರಿಗೊಂದು ಮಾತಾಡಿದ್ದರೆ ಅದು ಆಗುತ್ತಿರಲಿಲ್ಲ.

ಲೇಔಟ್ ನಿವಾಸಿ

ನಮ್ಮ ಅಸೋಸಿಯೇಷನ್‌ನಲ್ಲಿ ಈ ಎಳೆಯನ್ನು ಓದಿ ಹೇಳಿದೆ. ಕೋರ್ಟಿನ ಮಾತು ಸದ್ಯಕ್ಕೆ ನಿಲ್ಲಿಸಿದ್ದೇವೆ. ಲ್ಯಾಬ್ ಅಳತೆಯ ಖರ್ಚಿನಲ್ಲಿ ಅರ್ಧ ನಾವು ಕೊಡುತ್ತೇವೆ. ಒಂದು ಷರತ್ತು: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಗದಿತ ವಿಮಾನ ಬೇಡ ಅನ್ನುವುದು ಅರ್ಜಿಯ ಮೊದಲ ಸಾಲು ಆಗಬೇಕು.

ಕಡಕೊಳದ ಅಕ್ಕ

ಮೊದಲ ಸಾಲು ಜಮೀನು ಕಳೆದುಕೊಳ್ಳುವವರದ್ದಾಗಲಿ ಸರ್. ಅವರ ಮನೆಯಲ್ಲಿ ಒಬ್ಬರಿಗೆ ಕೆಲಸ, ಪರಿಹಾರ ಒಂದೇ ಕಂತಿನಲ್ಲಿ. ಎರಡನೆಯದು ರಾತ್ರಿ. ಅವರ ಮಾತು ಮುಂದೆ ಇದ್ದರೆ ನಮ್ಮ ದೊಡ್ಡಪ್ಪನಂಥವರೂ ನಮ್ಮ ಜೊತೆ ಬರುತ್ತಾರೆ. ಇಲ್ಲದಿದ್ದರೆ "ನಿಮ್ಮ ನಿದ್ದೆಗೆ ನಾವೇಕೆ ಸಹಿ ಹಾಕಬೇಕು" ಅನ್ನುತ್ತಾರೆ.

ಲೇಔಟ್ ನಿವಾಸಿ

ಆಗಲಿ. ಎರಡನೆಯದು ಆದರೂ ಸರಿ, ಐದನೆಯದು ಆಗಬಾರದು.

ಚಾಮುಂಡಿ ಟ್ರಾವೆಲ್ಸ್

ವಿಮಾನ ವಿರೋಧಿಗಳು ಅಂತ ಹಣೆಪಟ್ಟಿ ಬೀಳದಿರಲು ಟ್ಯಾಕ್ಸಿಯವರು, ಹೋಟೆಲಿನವರು ಒಂದಿಬ್ಬರು ಸಹಿ ಹಾಕಬೇಕು. ನನ್ನ ಹೆಸರು ಬರೆದುಕೊಳ್ಳಿ. ರನ್‌ವೇ ಬೇಕು, ನಡುರಾತ್ರಿ ಬೇಡ ಅಂತ ಸ್ಪಷ್ಟವಾಗಿ ಬರೆಯಿರಿ.

ನಂಜನಗೂಡು ರಸ್ತೆ

ಸರಿ, ಹಾಗಾದರೆ ಭಾನುವಾರ ಬೆಳಿಗ್ಗೆ ಕೂರೋಣ. ಯಾವುದೋ ಒಂದು ಊರಿನ ದೇವಸ್ಥಾನ ಬೇಡ, ಶಾಲೆ ಅಂಗಳ ಆಗಲಿ. ಯಾರಿಗೂ ಮುಜುಗರ ಇರುವುದಿಲ್ಲ, ಹೆಣ್ಣುಮಕ್ಕಳೂ ಬರುತ್ತಾರೆ. ಊರಿಗೆ ಇಬ್ಬರು ಬನ್ನಿ, ಒಬ್ಬರು ಜಮೀನು ಹೋಗುವ ಮನೆಯವರು, ಒಬ್ಬರು ಉಳಿಯುವವರು. ಪಕ್ಷದ ಶಾಲು ಮನೆಯಲ್ಲೇ ಬಿಟ್ಟು ಬನ್ನಿ. ಅಕ್ಕ, ನೋಟ್‌ಬುಕ್ ತನ್ನಿ, ಅದರ ಥರವೇ ಕಾಲಂ ಹಾಕಿ ಜೆರಾಕ್ಸ್ ಮಾಡಿಸೋಣ. ಹೆದ್ದಾರಿ ಎಲ್ಲೆಲ್ಲಿ ತಿರುಗಬಹುದು ಅಂತ ನೋಡಲು ಗ್ರಾಮ ನಕ್ಷೆಗಳು ಬೇಕು. ಯಾರ ಹತ್ತಿರ ಇವೆ?

ಮರಸೆ ಹುಡುಗ

ನಮ್ಮೂರಿನದು ನನ್ನ ಹತ್ತಿರ ಇದೆ. ಉಳಿದವನ್ನು ಭೂಮಾಪನ ಇಲಾಖೆಯ ವೆಬ್‌ಸೈಟಿನಿಂದ ಇಳಿಸಿ ಪ್ರಿಂಟ್ ಹಾಕಿಸುತ್ತೇನೆ. ಕಾಫಿ ಖರ್ಚು ಲೇಔಟಿನವರದ್ದು.

ಲೇಔಟ್ ನಿವಾಸಿ

ಕಾಫಿ ಜೊತೆ ಮದ್ದೂರಿನವರು ವಡೆ ತರುವುದಾದರೆ ಒಪ್ಪಿಗೆ.